ಇಪ್ಪತ್ತೆರಡು ಜೋಡಿಗಳ ರಾಜೀನಾಮೆ

ಮಗಳ ಮಾತು ಕೇಳಿದ್ದು ತಪ್ಪಲ್ಲ. ಒಂದಕ್ಷರ ಬಿಡದೆ ಪಾಲಿಸಿದ್ದೇ ತಪ್ಪಾಯಿತು.

ನೀರು ಸರಬರಾಜು ಕಚೇರಿಯ ದಾಖಲೆ ಕೋಣೆ ಇದ್ದದ್ದು ನೆಲದಡಿಯಲ್ಲಿ. ಅಲ್ಲಿ ಹತ್ತೊಂಬತ್ತು ವರ್ಷ ಕಡತ ಜೋಡಿಸಿದ ನಮ್ಮ ಮನುಷ್ಯನಿಗೆ ಇಡೀ ಕಚೇರಿ ‘ನೆಲಮಾಳಿಗೆ’ ಎಂದೇ ಹೆಸರಿಟ್ಟಿತ್ತು. ಅಲ್ಲಿಗೆ ಬಿಸಿಲು ಬರುತ್ತಿರಲಿಲ್ಲ. ಹೊರಗೆ ಮಳೆಯೋ ಬಿಸಿಲೋ ಎಂದು ತಿಳಿಯಬೇಕಾದರೆ ಕೆಳಗಿಳಿದು ಬಂದವರ ಚಪ್ಪಲಿ ನೋಡಬೇಕಿತ್ತು. ಈಗ ಮೂರನೇ ಮಹಡಿಯಲ್ಲಿ ಪತ್ರವ್ಯವಹಾರದ ಹುದ್ದೆಯೊಂದು ಖಾಲಿಯಾಗಿತ್ತು. ಅದರ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಇಂಗ್ಲಿಷ್ ಪರೀಕ್ಷೆಯಲ್ಲಿ ಗೆದ್ದವರಿಗೆ ಕಿಟಕಿ. ಬರೆಯುವವರು ಆರು ಜನ. ಪರೀಕ್ಷೆ ಇವತ್ತೇ, ಮಧ್ಯಾಹ್ನ ಮೂರಕ್ಕೆ.

ಮಗಳು ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಮೂರು ತಿಂಗಳ ಹಿಂದೆಯೇ ಅಪ್ಪನ ಕಿವಿ ಹಿಂಡಿದ್ದಳು. “ಅಪ್ಪಾ, ಪದಗಳನ್ನ ಒಂಟಿಯಾಗಿ ಕಲೀಬೇಡಿ. ಪ್ರತಿ ಪದಕ್ಕೂ ಒಂದು ಜೋಡಿ ಇರುತ್ತೆ. ಮಳೆಗೆ ಹೆವಿ, ಟೀಗೆ ಸ್ಟ್ರಾಂಗ್. ಅದಲುಬದಲು ಮಾಡಿದ್ರೆ ಎರಡು ಸಂಸಾರನೂ ಕೆಡುತ್ತೆ.”

“ಮಕ್ಕಳುಮರಿ?”

“ಅದೂ ಇದೆ. ಡಿಸೈಡ್ ಅಪ್ಪ, ಡಿಸಿಷನ್ ಮಗಳು, ಡಿಸೈಸಿವ್ ಮಗ.”

“ಇನ್‌ಡಿಸೈಸಿವ್?”

“ದಾಯಾದಿ.”

ಅವತ್ತಿನಿಂದ ಮನೆಯಲ್ಲಿ ಪದಗಳ ಮದುವೆ ಶುರುವಾಯಿತು. ಕನ್ನಡಿಯ ಮೇಲೆ ಚೀಟಿ, ಹಾಲಿನ ಪಾತ್ರೆಯ ಮೇಲೆ ಚೀಟಿ. ಹೆಂಡತಿ ಬೀರು ತೆಗೆದರೆ ಒಳಗಿಂದ ಎರಡು ಜೋಡಿ ಉದುರುತ್ತಿದ್ದವು. “ಈ ಮನೇಲಿ ನನ್ನ ಜೋಡಿ ಯಾರು ಅನ್ನೋದೇ ಮರ್ತುಹೋಗಿದೆ” ಎಂದು ಅವಳು ಗೊಣಗುತ್ತಿದ್ದಳು.

ಪರೀಕ್ಷೆಯ ಹಿಂದಿನ ದಿನ ಮಗಳು ಕೊನೆಯ ಮಾತು ಹೇಳಿದಳು. ಕಲಿತ ಜೋಡಿಗಳನ್ನೆಲ್ಲ ಒಂದೇ ಪತ್ರದಲ್ಲಿ ಕೂರಿಸಿ ಬರೆಯಿರಿ, ನಿಜವಾದ ಪತ್ರದ ಹಾಗೆ ತಾರೀಕು, ಮೇಲಧಿಕಾರಿಯ ಪದವಿ, ಸಹಿ ಎಲ್ಲ ಇರಲಿ. ನೆಲಮಾಳಿಗೆ ರಜೆ ಪತ್ರ ಬರೆದು ನೋಡಿದ, ನಾಲ್ಕೇ ಜೋಡಿ ಕೂತವು. ದೂರಿನ ಪತ್ರಕ್ಕೆ ಒಂಬತ್ತು. ರಾಜೀನಾಮೆ ಪತ್ರ ಮಾತ್ರ ಛತ್ರದ ಹಾಗೆ ಬಂದವರಿಗೆಲ್ಲ ಜಾಗ ಕೊಟ್ಟಿತು. ‘ಡೀಪ್ ರಿಗ್ರೆಟ್’ ಕೂತಿತು, ‘ಹೆವಿ ಹಾರ್ಟ್’ ಕೂತಿತು, ‘ಟೆಂಡರ್ ರೆಸಿಗ್ನೇಶನ್’ ಅಂತೂ ಮೇಲಿನ ಸಾಲಿನಲ್ಲೇ ಕೂತಿತು. ಒಟ್ಟು ಇಪ್ಪತ್ತೆರಡು. ಓದಿಕೊಂಡು ಅವನಿಗೇ ಕಣ್ಣು ತುಂಬಿ ಬಂತು.

ಬೆಳಿಗ್ಗೆ ಆ ಹಾಳೆಯನ್ನು ಬಾಯಿಪಾಠ ಮಾಡುತ್ತಲೇ ಕಚೇರಿಗೆ ಬಂದ. ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಕೈ ಖಾಲಿ ಬೇಕಾಯಿತು. ಹಾಳೆಯನ್ನು ಪಕ್ಕದ ಟ್ರೇಯಲ್ಲಿಟ್ಟ.

ಅದು ಸೀಲಮ್ಮನ ಟ್ರೇ.

ಸೀಲಮ್ಮನೆಂದರೆ ಕಚೇರಿಗೆ ಬಂದ ಕಾಗದಕ್ಕೆಲ್ಲ ಸೀಲು ಹೊಡೆದು ನಂಬರು ಹಾಕುವಾಕೆ. ಓದುವುದಿಲ್ಲ, ಕೇಳುವುದಿಲ್ಲ. ಒಮ್ಮೆ ಯಾರೋ ಮರೆತ ತರಕಾರಿ ಪಟ್ಟಿಗೂ ಸೀಲು ಬಿದ್ದು, ಅದು ಮೂರು ಮಹಡಿ ಸುತ್ತಿ, ‘ಈರುಳ್ಳಿಯ ಪ್ರಮಾಣಕ್ಕೆ ಸಮರ್ಥನೆ ಒದಗಿಸಿ’ ಎಂಬ ಷರಾದೊಂದಿಗೆ ವಾಪಸು ಬಂದಿತ್ತು. ನೆಲಮಾಳಿಗೆ ಸಹಿ ಮುಗಿಸಿ ತಿರುಗುವಷ್ಟರಲ್ಲಿ ಠಪ್ ಎಂದಿತು.

“ಅಮ್ಮಾ, ಅದು ನಂದು. ಅಭ್ಯಾಸಕ್ಕೆ ಬರೆದದ್ದು.”

“ಸೀಲು ಬಿತ್ತಲ್ಲಪ್ಪ. ಇನ್ನು ಅದು ಕಚೇರಿದು. ಮೇಲೆ ಹೋಯ್ತು.”

ಅರ್ಧ ಗಂಟೆ ವಾದಿಸಿ ಸೋತು ನೆಲಮಾಳಿಗೆ ಮೆಟ್ಟಿಲು ಹತ್ತಿದ. ಮೊದಲ ಮಹಡಿಯ ಸಿಬ್ಬಂದಿ ವಿಭಾಗದಲ್ಲಿ ಮೇಲ್ವಿಚಾರಕಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. “ಹತ್ತೊಂಬತ್ತು ವರ್ಷ ಇದ್ರಿ, ನಿಮಗೆ ಹೀಗೆ ಇಂಗ್ಲಿಷ್ ಬರುತ್ತೆ ಅಂತ ಗೊತ್ತೇ ಇರ್ಲಿಲ್ಲ. ನಾನು ನನ್ನ ಪುಸ್ತಕಕ್ಕೆ ಇಳಿಸ್ಕೊಂಡಿದೀನಿ. ಮಧ್ಯಾಹ್ನ ಪರೀಕ್ಷೆಗೆ ಉಪಯೋಗಕ್ಕೆ ಬರಬಹುದು.”

“ಮೇಡಂ, ನಾನು ರಾಜೀನಾಮೆ ಕೊಟ್ಟಿಲ್ಲ.”

“ಎಲ್ರೂ ಕೊಟ್ಟ ಮೇಲೆ ಹೀಗೇ ಅಂತಾರೆ. ನಿಮ್ಮ ಮನೆಗೂ ಫೋನ್ ಮಾಡಿ ಧೈರ್ಯ ಹೇಳಿದೀನಿ.”

ಕಾಗದ ಎರಡನೇ ಮಹಡಿಗೆ ಹೋಗಿತ್ತು. ಅಲ್ಲಿ, ತಾನೂ ಪರೀಕ್ಷೆಗೆ ಕೂರಲಿದ್ದ ಟೈಪಿಸ್ಟ್ ಅದರ ನಕಲಿಟ್ಟುಕೊಂಡು ಟಪಟಪ ಟೈಪು ಮಾಡುತ್ತಿದ್ದ. ಪರೀಕ್ಷೆ ಬರೆಯುವ ಉಳಿದವರು ಅವನ ಸುತ್ತ ಜೇನುಹುಳುಗಳಂತೆ ಮುತ್ತಿಕೊಂಡು ಒಂದೊಂದು ಪ್ರತಿ ಕೀಳುತ್ತಿದ್ದರು. “ಅಣ್ಣಾ, ಏನು ಜೋಡಿಗಳು ಅಣ್ಣಾ. ಊಟದ ಹೊತ್ತಿಗೆ ಬಾಯಿಪಾಠ ಮಾಡ್ಬಿಡ್ತೀವಿ. ಹೋಗ್ತಾ ಹೋಗ್ತಾ ಪುಣ್ಯ ಕಟ್ಕೊಂಡ್ರಿ.”

“ಮೂಲ ಪ್ರತಿ ಎಲ್ಲಿ?”

“ಸಾಹೇಬರ ಹತ್ರ.”

ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಹೆಂಡತಿ. “ಇನ್ಮೇಲೆ ದಿನವಿಡೀ ಮನೇಲೇ ಇರ್ತೀರಂತೆ. ನನ್ನನ್ನ ಒಂದು ಮಾತು ಕೇಳೋದಲ್ವಾ?” ಅವಳ ದನಿಯಲ್ಲಿದ್ದದ್ದು ದುಃಖವಲ್ಲ, ಅಪ್ಪಟ ಗಾಬರಿ. ಫೋನನ್ನು ಜೇಬಿಗೆ ತುರುಕಿ ಮತ್ತೆ ಮೆಟ್ಟಿಲು ಹತ್ತಿದ.

ಮೂರನೇ ಮಹಡಿಯಲ್ಲಿ ಸಾಹೇಬರು ಪೆನ್ನಿನ ಮುಚ್ಚಳ ತೆಗೆದು, ‘ಅಂಗೀಕರಿಸಲಾಗಿದೆ’ ಎಂಬುದರ ಮೊದಲ ಅಕ್ಷರ ಬರೆದಾಗಿತ್ತು. ನೆಲಮಾಳಿಗೆ ಏದುಸಿರು ಬಿಡುತ್ತ ಮೇಜಿನ ಮೇಲೆ ಎರಡೂ ಕೈ ಊರಿದ. ಮಗಳು, ಚೀಟಿ, ಛತ್ರ, ಟ್ರೇ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದ. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ ಹಾಳೆಯನ್ನು ಅವನ ಮುಂದೆ ಹಿಡಿದರು.

“ಇದನ್ನ ನೀವೇ ಬರೆದ್ರಾ?”

“ನಾನೇ ಸಾರ್. ಮೂರು ತಿಂಗಳು ಬೇಕಾಯ್ತು.”

“ಇವತ್ತು ಒಂದು ಸಲ ವಾಪಸ್ ಕೊಡ್ತೀನಿ. ಇನ್ನೊಂದು ಸಲ ನಿಮ್ಮ ಕೈಬರಹದಲ್ಲಿ, ನಿಮ್ಮ ಸಹಿ ಇರೋ ರಾಜೀನಾಮೆ, ಸೀಲು ಬಿದ್ದು ನನ್ನ ಮೇಜಿಗೆ ಬಂತು ಅಂದ್ರೆ ಓದೋದಿಲ್ಲ. ಸೀದಾ ಸಹಿ ಹಾಕ್ತೀನಿ. ಅರ್ಥ ಆಯ್ತಾ?”

“ಆಯ್ತು ಸಾರ್. ಜನ್ಮದಲ್ಲಿ ಬರೆಯಲ್ಲ ಸಾರ್.”

ಹಾಳೆಯನ್ನು ನಾಲ್ಕು ಚೂರು, ಎಂಟು ಚೂರು, ಹದಿನಾರು ಚೂರು ಮಾಡಿ ಬುಟ್ಟಿಗೆ ಹಾಕಿ ಕೆಳಗಿಳಿದ. ಅಷ್ಟರಲ್ಲಿ ಅವನ ಕುರ್ಚಿಯ ಮೆತ್ತೆಯನ್ನು ಯಾರೋ ಹೊತ್ತೊಯ್ದಿದ್ದರು. ಹೋದರೆ ಹೋಗಲಿ, ಸಂಜೆಯ ಹೊತ್ತಿಗೆ ಕಿಟಕಿಯ ಪಕ್ಕ ಕೂರುವವನಿಗೆ ಹಳೆಯ ಮೆತ್ತೆ ಯಾಕೆ ಎಂದು ಸಮಾಧಾನ ಮಾಡಿಕೊಂಡ. ಹೋಗಿದ್ದ ಜೀವ ಬಂದಂತಾಗಿ ಮತ್ತೆ ಜೋಡಿಗಳನ್ನು ಗುನುಗಲು ಶುರುಮಾಡಿದ.

ಮೂರು ಗಂಟೆಗೆ ಆರು ಜನ ಸಭಾಕೋಣೆಯಲ್ಲಿ ಕೂತರು. ಕಾವಲಿಗೆ ಸೀಲಮ್ಮ, ಕೈಯಲ್ಲಿ ಸೀಲು, ಮುಂದೆ ಟ್ರೇ. ಪ್ರಶ್ನೆಪತ್ರಿಕೆಯಲ್ಲಿ ಒಂದೇ ಪ್ರಶ್ನೆ. ಏನು ಕೇಳುವುದೆಂದು ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದ ಸಾಹೇಬರಿಗೆ ಹನ್ನೊಂದು ಗಂಟೆಗೆ ಉಪಾಯ ಹೊಳೆದಿತ್ತಂತೆ.

‘ನಿಮ್ಮ ಹುದ್ದೆಗೆ ರಾಜೀನಾಮೆ ಕೊಟ್ಟು ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಿರಿ. ಕೆಳಗೆ ನಿಮ್ಮ ಹೆಸರು, ಸಹಿ, ಇಂದಿನ ತಾರೀಕು ಕಡ್ಡಾಯ.’

ಐದು ಪೆನ್ನುಗಳು ಒಟ್ಟಿಗೇ ಓಡತೊಡಗಿದವು. ನೆಲಮಾಳಿಗೆಯ ಪೆನ್ನು ಮಾತ್ರ ಗಾಳಿಯಲ್ಲೇ ನಿಂತಿತು. ತಲೆಯೊಳಗೆ ಇಪ್ಪತ್ತೆರಡು ಜೋಡಿಗಳೂ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ಸಿದ್ಧವಾಗಿ ನಿಂತಿದ್ದವು.

“ಅಮ್ಮಾ,” ಪಿಸುಗುಟ್ಟಿದ, “ಉತ್ತರಪತ್ರಿಕೆಗೂ ಸೀಲು ಹಾಕ್ತೀರಾ?”

“ಟ್ರೇಗೆ ಬಿದ್ದ ಮೇಲೆ ಸೀಲು, ನಂಬರು, ಸಾಹೇಬರ ಮೇಜು.”

“ಇದು ಬರೀ ಪರೀಕ್ಷೆ ಅಂತ ಪಕ್ಕದಲ್ಲಿ ಬರೀತೀರಾ?”

“ಅದೆಲ್ಲ ನನಗೆ ಗೊತ್ತಿಲ್ಲಪ್ಪ. ಓದೋದು ನನ್ನ ಕೆಲಸ ಅಲ್ಲ.”

ತಾರೀಕು ಬರೆದ. ಬೆವರಿದ. ತಾರೀಕನ್ನೂ ಹೊಡೆದುಹಾಕಿದ. ಸೀದಾ ಸಹಿ ಹಾಕ್ತೀನಿ ಎಂಬ ಸಾಹೇಬರ ದನಿ ಕಿವಿಯಲ್ಲಿ ಮೊಳಗುತ್ತಲೇ ಇತ್ತು. ನಾಲ್ಕು ಗಂಟೆಗೆ ಖಾಲಿ ಹಾಳೆಯ ಮೇಲೆ ಹೆಸರಷ್ಟೇ ಬರೆದು ಟ್ರೇಗೆ ಹಾಕಿದ. ಠಪ್ ಎಂದಿತು. ಕಿಟಕಿ ಹೋದರೂ ಕೆಲಸ ಉಳಿಯಿತು, ಸಾಹೇಬರಿಗಂತೂ ನನ್ನ ಇಂಗ್ಲಿಷ್ ಎಂಥದೆಂದು ಗೊತ್ತಿದೆ, ಮುಂದಿನ ಸಲ ನೋಡಿಕೊಳ್ಳೋಣ ಎಂದುಕೊಂಡು ಕೆಳಗಿಳಿದ.

ಐದು ಗಂಟೆಗೆ ಟೈಪಿಸ್ಟ್ ಕುಣಿಯುತ್ತ ಬಂದ. “ಅಣ್ಣಾ, ಕಿಟಕಿ ನಂದಾಯ್ತು. ಐದೂ ಜನಕ್ಕೆ ನೂರಕ್ಕೆ ನೂರು. ಐದೂ ಜನ ನಿಮ್ಮ ಪತ್ರನೇ ಇಳಿಸಿದ್ವಿ. ನನ್ನ ಅಕ್ಷರ ಚೆನ್ನಾಗಿತ್ತು ಅಂತ ನನಗೆ ಕೊಟ್ರು. ಇದನ್ನ ಕಡತಕ್ಕೆ ಹಾಕ್ಬೇಕಂತೆ.” ಒಂದು ಕಟ್ಟು ಮೇಜಿನ ಮೇಲಿಟ್ಟು, ಹೊಸ ಮೇಜು ಒರೆಸಲೆಂದು ದಾಖಲೆ ಕೋಣೆಯ ಬಟ್ಟೆಯನ್ನೂ ತೆಗೆದುಕೊಂಡು ಹೋದ.

ಕಟ್ಟಿನಲ್ಲಿ ಐದು ರಾಜೀನಾಮೆಗಳಿದ್ದವು. ಐದರಲ್ಲೂ ಅವನವೇ ಇಪ್ಪತ್ತೆರಡು ಜೋಡಿಗಳು, ಒಂದೂ ತಪ್ಪಿಸಿಕೊಂಡಿರಲಿಲ್ಲ. ಎಲ್ಲಕ್ಕಿಂತ ಮೇಲೆ ಅವನ ಖಾಲಿ ಹಾಳೆ, ಅದರ ಮೇಲೆ ಕೆಂಪು ಶಾಯಿಯಲ್ಲಿ ಸಾಹೇಬರ ಷರಾ:

‘ಇವರಿಗೆ ಒಂದು ಸಾಲು ಇಂಗ್ಲಿಷೂ ಬಾರದು. ಬೆಳಗಿನ ಪತ್ರವನ್ನು ಇವರು ಸಹೋದ್ಯೋಗಿಗಳಿಂದ ಕದ್ದದ್ದು ಈಗ ಸ್ಪಷ್ಟವಾಗಿದೆ. ಜೊತೆಗಿರುವ ಐದು ಉತ್ತರಗಳನ್ನು ನೋಡಿ ಕಲಿಯತಕ್ಕದ್ದು. ಮುಂದೆ ಯಾವ ಪರೀಕ್ಷೆಗೂ ಇವರನ್ನು ಕರೆಯಬೇಕಾಗಿಲ್ಲ.’

ಪಕ್ಕದಲ್ಲೇ ಸೀಲಮ್ಮನ ಸೀಲೂ ಬಿದ್ದಿತ್ತು, ನಂಬರು ಸಹಿತ.