ಜಾಗ ಬಿಟ್ಟು ಸರಿದ ಕುದುರೆಗೆ ಸವಿನಯ ದೂರು

ಮಾನ್ಯ ಕುದುರೆಯವರೇ,

ನನ್ನ ಮ್ಯಾಂಡೊಲಿನ್ನಿನ ಹೊಟ್ಟೆಯ ಮೇಲೆ ಎಂಟು ತಂತಿಗಳನ್ನು ಹೊತ್ತು ನಿಂತಿರುವ, ಹುಲ್ಲು ಕೇಳದ, ಲದ್ದಿ ಹಾಕದ, ಕಿರುಬೆರಳಿನಷ್ಟೂ ಎತ್ತರವಿಲ್ಲದ ಮರದ ತುಂಡಾದ ತಮಗೆ ಕುದುರೆಯೆಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ ನಾನರಿಯೆ. ಆದರೆ ಕಟ್ಟು ಸಡಿಲವಾದೊಡನೆ ಜಾಗ ಬಿಡುವ ತಮ್ಮ ವಂಶಗುಣವನ್ನು ಅವರು ಸರಿಯಾಗಿಯೇ ಗುರುತಿಸಿದ್ದರೆಂದು ಕಳೆದ ಭಾನುವಾರ ನನಗೆ ಮನವರಿಕೆಯಾಗಿದೆ. ತಮ್ಮ ಯೋಗಕ್ಷೇಮವನ್ನು ವಿಚಾರಿಸುತ್ತಾ, ಈ ದೂರನ್ನು ತಮ್ಮ ಮುಂದಿಡುತ್ತಿದ್ದೇನೆ.

ನಾನು ಕನ್ನಡಕದ ಅಂಗಡಿಯವನು. ನನ್ನ ಅಕ್ಕ ಶಾಲೆಯೊಂದರಲ್ಲಿ ಸಂಗೀತದ ಟೀಚರು. ಅವಳ ಗಂಟಲಲ್ಲಿ ಗಂಟೊಂದು ಬೆಳೆದು, ಆಪರೇಷನ್ ಆಗಿ, ತಿಂಗಳುಗಟ್ಟಲೆ ಮಾತೂ ಬೇಡವೆಂದು ಡಾಕ್ಟರು ಬಾಯಿ ಕಟ್ಟಿಸಿದ್ದರು. ಆ ದಿನಗಳಲ್ಲಿ ಅವಳು ಭಾವನನ್ನು ಬರಿಯ ಹುಬ್ಬಿನಲ್ಲೇ ಬೈಯುವುದನ್ನು ಕಲಿತಳೆಂಬುದು ಬೇರೆ ವಿಷಯ. ಕೊನೆಗೆ ಹಾಡಲು ಅಪ್ಪಣೆ ಸಿಕ್ಕಿತು. ಭಾನುವಾರ ನನ್ನ ಮ್ಯಾಂಡೊಲಿನ್ ಜೊತೆ ಹಾಡಿ ನೋಡುವುದು, ಸರಿಬಂದರೆ ಸೋಮವಾರದಿಂದ ಪಾಠಕ್ಕೆ ಹೋಗುವುದು, ಇಲ್ಲವಾದರೆ ಬೇರೆಯವರನ್ನು ನೇಮಿಸಿಕೊಳ್ಳಿರೆಂದು ಹೆಡ್‌ಮಿಸ್‌ಗೆ ಹೇಳಿಬಿಡುವುದು ಎಂದು ಅವಳೇ ತೀರ್ಮಾನಿಸಿದ್ದಳು.

ಇಂಥ ಶುಭಕಾರ್ಯಕ್ಕೆ ತುಕ್ಕು ಹಿಡಿದ ತಂತಿಗಳೇಕೆಂದು ಶನಿವಾರ ಅಂಗಡಿ ಮುಚ್ಚಿದ ಮೇಲೆ ಹಳೆಯ ತಂತಿಗಳನ್ನೆಲ್ಲ ಒಟ್ಟಿಗೇ ಬಿಚ್ಚಿದೆ. ತಂತಿಗಳ ಒತ್ತಡವೊಂದೇ ತಮ್ಮನ್ನು ಹಿಡಿದಿಟ್ಟ ಲಗಾಮೆಂಬುದು ತಮಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ. ತಾವು ಕೂಡಲೇ ಜಾರಿ ನನ್ನ ತೊಡೆಯ ಮೇಲೆ ವಿಶ್ರಮಿಸಿದಿರಿ. ದಿನವಿಡೀ ಜನರ ಮೂಗಿನ ಮೇಲೆ ಕನ್ನಡಕ ಕೂರಿಸುವ ನನಗೆ ಕಣ್ಣಳತೆಯ ಬಗ್ಗೆ ಅಪಾರ ಅಭಿಮಾನ. ತಮ್ಮನ್ನು ಎತ್ತಿ 'ಇಲ್ಲೇ ಇದ್ದಿರಬೇಕು' ಎಂದು ಕೂರಿಸಿ, ಹೊಸ ತಂತಿ ಬಿಗಿದು, ಫೋನಿನ ಶ್ರುತಿ ನೋಡುವ ಆ್ಯಪಿನಲ್ಲಿ, ವಾದ್ಯದ ಕತ್ತಿನ ಮೇಲಿನ ಮೆಟ್ಟುಗಳಲ್ಲಿ ಎಲ್ಲೂ ಬೆರಳೊತ್ತದೆ, ಒಂದೊಂದೇ ತಂತಿ ಮೀಟಿದೆ. ಎಲ್ಲಕ್ಕೂ ಹಸಿರು ದೀಪ ಬಂತು. ಆಗ ತಾವು ತೋರಿದ ಮೌನವನ್ನು ಎಷ್ಟು ಹೊಗಳಿದರೂ ಸಾಲದು.

ಭಾನುವಾರ ಅಕ್ಕ ಕೆಳಗಿನ ಸ್ವರಗಳಲ್ಲಿ ಹಾಡತೊಡಗಿದಾಗ ಎಲ್ಲವೂ ಚೆನ್ನಾಗಿತ್ತು. ಹಾಡು ಮೇಲೇರಿದಂತೆ ನನ್ನ ಬೆರಳೂ ಮೇಲಿನ ಮೆಟ್ಟುಗಳಿಗೆ ಏರಿತು, ಅವಳ ದನಿ ಮಾತ್ರ ಕೆಳಗೇ ಉಳಿದಂತೆ ಕೇಳಿಸತೊಡಗಿತು. ಅವಳು ನಿಲ್ಲಿಸಿ, ನೀರು ಕುಡಿದು, ಮತ್ತೆ ಹಾಡಿದಳು. ಮತ್ತೂ ಹಾಗೆಯೇ ಆಯಿತು. ನಾನು ಕತ್ತು ಬಗ್ಗಿಸಿ ಬಿರಡೆ ತಿರುಗಿಸುವ ನಾಟಕವಾಡಿದೆ.

"ಹೋಗ್ಲಿ ಬಿಡೋ," ಎಂದಳು ಅಕ್ಕ. "ಗಂಟ್ಲು ಕೈಕೊಟ್ಟಿದೆ. ನನ್ನ ಮುಖ ನೋಡೋಕೆ ನಿನಗ್ಯಾಕೆ ಅಷ್ಟು ಕಷ್ಟ?"

ಅವಳು ಅಳಲಿಲ್ಲ. ಸೆರಗಿನಿಂದ ತಂಬೂರಿ ಪೆಟ್ಟಿಗೆಯ ಧೂಳೊರೆಸಿ, ಅದನ್ನು ಕಪಾಟಿನ ಒಳಗಿಟ್ಟು, ಹೆಡ್‌ಮಿಸ್ ನಂಬರು ಹುಡುಕುತ್ತಾ, ಕೈಬಿಟ್ಟ ಸಾಲನ್ನೇ ತನ್ನಷ್ಟಕ್ಕೆ ಮೆಲ್ಲಗೆ ಗುನುಗುತ್ತಿದ್ದಳು. ರೈಲಿನ ಸಿಳ್ಳಿಗೂ ಕೊಳಲಿಗೂ ವ್ಯತ್ಯಾಸ ತಿಳಿಯದ ನನ್ನ ಭಾವ ಪೇಪರು ಕೆಳಗಿಟ್ಟು, ಶ್ರುತಿಯ ಆ್ಯಪು ತೆರೆದಂತೆಯೇ ಮೇಜಿನ ಮೇಲಿದ್ದ ನನ್ನ ಫೋನಿನತ್ತ ಬಗ್ಗಿದರು.

"ಇವಳು ಹಾಡಿದ್ರೆ ಹಸಿರು ದೀಪ ಬರತ್ತೆ, ನೀನು ಬಾರಿಸಿದ್ರೆ ಕೆಂಪು. ಕೆಟ್ಟಿರೋದು ಯಾರಪ್ಪ?"

ಅಕ್ಕ ತನ್ನ ಫೋನು ಕೆಳಗಿಟ್ಟಳು. ಅದೇ ಸ್ವರ ಹಾಡಿದಳು, ಹಸಿರು. ನಾನು ಅದನ್ನೇ ಒತ್ತಿ ಮೀಟಿದೆ. ಮುಳ್ಳು ಬಲಕ್ಕೆ ಹಾರಿ ಕೆಂಪಾಯಿತು. ಅವಳ ಗಂಟಲು ಸ್ವಲ್ಪ ಒರಟಾಗಿತ್ತು, ನಿಜ. ಶ್ರುತಿ ಮಾತ್ರ ಕದಲಿರಲಿಲ್ಲ. ಕದಲಿದ್ದು ತಾವು. ನಾನು ತಮ್ಮನ್ನು ಮ್ಯಾಂಡೊಲಿನ್ನಿನ ಕತ್ತಿನ ಕಡೆಗೆ ಕೂರಿಸಿದ್ದರಿಂದ ತಂತಿಯ ಅಳತೆ ಗಿಡ್ಡವಾಗಿ, ಮೆಟ್ಟು ಏರಿದಷ್ಟೂ ಸ್ವರ ಹೆಚ್ಚು ಹೆಚ್ಚು ಮೇಲಕ್ಕೆ ಓಡುತ್ತಿತ್ತು.

ಆಮೇಲಿನ ಸೇವೆ ತಮಗೆ ನೆನಪಿದೆ. ತಂತಿಗಳನ್ನು ಪೂರ್ತಿ ಬಿಚ್ಚದೆ ಸಡಿಲಿಸಿ, ತಮ್ಮನ್ನು ಬಾಲದ ಕಡೆಗೆ ಕೂದಲೆಳೆಯಷ್ಟು ನೂಕುವುದು, ಮತ್ತೆ ಶ್ರುತಿ ಮಾಡುವುದು. ತಂತಿಯ ನಟ್ಟನಡುವೆ ಬೆರಳನ್ನು ಸುಮ್ಮನೆ ತಾಗಿಸಿ ಮೀಟುವುದು, ಅಲ್ಲೇ ಒತ್ತಿ ಮೀಟುವುದು, ಎರಡೂ ಒಂದಾದವೇ ಎಂದು ನೋಡುವುದು. ದಪ್ಪ ತಂತಿಗಳ ಕಡೆಯ ಕಾಲನ್ನು ಇನ್ನೊಂದಿಷ್ಟು ಹಿಂದಕ್ಕಿಡಬೇಕೆಂದು ತಾವು ಹಟ ಹಿಡಿದಿರಿ, ಅದನ್ನೂ ನಡೆಸಿಕೊಟ್ಟೆ. ಅಕ್ಕ ಎದುರಿಗೆ ಕೂತು "ಇನ್ನೂ ಸ್ವಲ್ಪ... ಜಾಸ್ತಿ ಆಯ್ತು, ವಾಪಸ್ ಬಾ" ಎನ್ನುತ್ತಿದ್ದಳು. ತಿಂಗಳುಗಳ ನಂತರ ಅವಳು ನನ್ನನ್ನು ಬಾಯಿತುಂಬ ಬೈದಳು. ಕಣ್ಣು ಮಂಜಾಗಿ ತಾವು ನನಗೆ ಕಾಣಿಸದಂತಾದಿರಿ. ಕೊನೆಗೆ ಹಾಡು ಮೇಲಿನ ಸ್ವರವನ್ನು ಮುಟ್ಟಿದಾಗ ಅವಳ ದನಿ, ನನ್ನ ತಂತಿ ಎರಡೂ ಒಂದೇ ಕಡೆ ನಿಂತವು. ಭಾವ ಎಂದಿನಂತೆ ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟಿದರು. ಸೋಮವಾರ ಅಕ್ಕ ಶಾಲೆಗೆ ಹೋದಳು.

ತಾವು ಈಗ ನಿಂತಿರುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಮುಂದಿನ ಸಲ ತಂತಿಗಳನ್ನು ಜೋಡಿ ಜೋಡಿಯಾಗಿಯೇ ಬದಲಿಸುವೆನೆಂದು ಮಾತು ಕೊಡುತ್ತೇನೆ. ತಾವೂ ಜಾಗ ಬಿಡುವ ಮುನ್ನ ಒಮ್ಮೆ ಕೆನೆದು ಸೂಚನೆ ಕೊಡಬೇಕೆಂದು ವಿನಂತಿ.

ಇಂತು, ಕಣ್ಣಳತೆಯನ್ನು ತ್ಯಜಿಸಿರುವ
ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯವನು

ಮರೆತ ಮಾತು: ತಾವು ಸರಿಯಾಗಿ ನಿಂತ ಮೇಲೂ ನನ್ನ ವಾದನದಲ್ಲಿ ಉಳಿದಿರುವ ಅಪಸ್ವರಗಳೆಲ್ಲ ನನ್ನ ಬೆರಳಿನವೇ ಎಂದು ಅಕ್ಕ ಈಗ ಮನೆಗೆ ಬಂದವರಿಗೆಲ್ಲ ಸಾರುತ್ತಿದ್ದಾಳೆ. ಆದ್ದರಿಂದ ಆಗೊಮ್ಮೆ ಈಗೊಮ್ಮೆ, ಯಾರಿಗೂ ತಿಳಿಯದಂತೆ ಒಂದಿಷ್ಟು ಸರಿದು ನನ್ನ ಮಾನ ಕಾಪಾಡಬೇಕು.