ಎಂಟು ಕಾಲಿನ ಬಾಡಿಗೆದಾರಳು

ಗೇಟಣ್ಣ ಹುಟ್ಟಿದಾಗಿನಿಂದ ಯಾರಿಗೂ "ಆಗಲ್ಲ" ಅಂದವನಲ್ಲ. ಆ ನಾಲ್ಕು ಮಹಡಿಯ ಕಟ್ಟಡಕ್ಕೆ ಕಾವಲುಗಾರನಾಗಿ ಸೇರಿದ ಮೇಲಂತೂ "ಆಯ್ತು ಸಾರ್" ಬಿಟ್ಟರೆ ಬೇರೆ ಮಾತೇ ಅವನ ನಾಲಿಗೆಗೆ ಮರೆತುಹೋಗಿತ್ತು. ಅಂಥವನ ಬಾಯಿಂದ ಆ ದಿನ ಬೆಳಿಗ್ಗೆ, ಇನ್ನೂ ಹಲ್ಲುಜ್ಜುವ ಮೊದಲೇ, "ಆಗಲ್ಲ" ಎಂಬ ಮಾತು ಹೊರಬಿತ್ತು. ಅದಕ್ಕೆ ಕಾರಣ ಒಂದು ಜೇಡ.

ಮೆಟ್ಟಿಲ ಕೆಳಗಿನ ಒಂಟಿ ಕೋಣೆ ಗೇಟಣ್ಣನ ಮನೆ. ಅದರ ಬಾಗಿಲು ಹಿತ್ತಲಿಗೆ ತೆರೆಯುತ್ತದೆ. ಬಾಗಿಲ ಪಕ್ಕ ಅವನ ಹೆಂಡತಿಯ ಇಸ್ತ್ರಿ ಮೇಜು, ಎದುರಿಗೆ ಎಲ್ಲರಿಗೂ ಸೇರಿದ ನಲ್ಲಿ, ಬಾಗಿಲ ಮೇಲ್ಗಡೆ ಆ ನಲ್ಲಿಯನ್ನೇ ದುರುಗುಟ್ಟಿ ನೋಡುವ ಕ್ಯಾಮೆರಾ. ಯಾರೋ ಆ ನಲ್ಲಿಯಿಂದ ನೀರು ಕದ್ದು, ತೊಟ್ಟಿ ದಿನಾ ಮಧ್ಯಾಹ್ನಕ್ಕೆ ಮೊದಲೇ ಖಾಲಿಯಾಗುತ್ತಿದ್ದುದರಿಂದ ಸಂಘದ ಕಾರ್ಯದರ್ಶಿಗಳು ಅದನ್ನು ಹಾಕಿಸಿದ್ದರು. "ಈ ನಲ್ಲಿ ಮುಟ್ಟಿದವರ ಮನೆಯ ಕಾರು ಗೇಟಿನ ಹೊರಗೆ, ಬೀದಿಯಲ್ಲಿ ನಿಲ್ಲತಕ್ಕದ್ದು" ಎಂದು ಬೋರ್ಡೂ ಬರೆಸಿದ್ದರು. ಅದಾದ ಕೆಲವೇ ದಿನಕ್ಕೆ ಒಂದು ದಪ್ಪ ಜೇಡ ಬಂದು, ಕ್ಯಾಮೆರಾದ ಮೂಗಿನ ಮುಂದೆ ಗಾಡಿಯ ಚಕ್ರದಂಥ ಬಲೆ ಹೆಣೆದು, ನಟ್ಟನಡುವೆ ಕುಳಿತುಬಿಟ್ಟಿತು. ಫೋನಿನಲ್ಲಿ ಕಾಣುತ್ತಿದ್ದುದನ್ನು ಕಾರ್ಯದರ್ಶಿಗಳು ಇಷ್ಟು ದಿನ ಮಂಜು ಎಂದುಕೊಂಡಿದ್ದರು. ನಿನ್ನೆ ಅವರಿಗೆ ಹೊಸ ಕನ್ನಡಕ ಬಂದಿತ್ತು.

"ನೋಡಯ್ಯಾ ಇಲ್ಲಿ!" ಫೋನು ಹಿಡಿದುಕೊಂಡೇ ಅವರು ಹಿತ್ತಲಿಗೆ ಬಂದರು. "ನೀರು ಕದಿಯೋನು ಸಿಕ್ತಾನೆ ಅಂತ ನೋಡಿದ್ರೆ, ಆನೆಯಷ್ಟು ದಪ್ಪದ್ದು ಎಂಟು ಕಾಲು ಚಾಚ್ಕೊಂಡು ಕೂತಿದೆ! ನಲ್ಲಿ ಅದರ ಹೊಟ್ಟೆ ಹಿಂದೆ ಎಲ್ಲೋ ಇದೆ. ಕಿತ್ತು ಬಿಸಾಕು ಅದನ್ನ."

ಗೇಟಣ್ಣ "ಆ..." ಎಂದು ಬಾಯಿ ತೆರೆದದ್ದು "ಆಯ್ತು ಸಾರ್" ಅನ್ನಲಿಕ್ಕೇ. ಅಷ್ಟರಲ್ಲಿ ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ಟಪ್ಪೆಂದು ಕುಕ್ಕಿದಳು.

"ರೀ, ಅದು ಬಸುರಿ. ಹೊಟ್ಟೆ ನೋಡಿದ್ರೆ ಗೊತ್ತಾಗಲ್ವಾ? ಬಸುರಿ ಹೆಂಗಸು ಕಟ್ಕೊಂಡಿರೋ ಮನೆ ಮುರೀತೀರಾ? ಮುರಿದ್ರೆ ಈ ಹೊಸಲು ದಾಟಿ ಒಳಗೆ ಬರಬೇಡಿ."

ಗೇಟಣ್ಣ ಕತ್ತೆತ್ತಿ ನೋಡಿದ. ಬೆಳಗಿನ ಬಿಸಿಲಿಗೆ ಬಲೆಯ ಒಂದೊಂದು ಎಳೆಯೂ ಹೊಳೆಯುತ್ತಿತ್ತು. ಯಾರ ಸಹಾಯವೂ ಇಲ್ಲದೆ, ಯಾರನ್ನೂ ಕೇಳದೆ, ಹೊಟ್ಟೆಯೊಳಗಿನ ನೂಲಿನಿಂದಲೇ ಕಟ್ಟಿಕೊಂಡ ಮನೆ. ಅವನ ಬೆನ್ನಿನಲ್ಲಿ ಎಷ್ಟೋ ವರ್ಷದಿಂದ ಮಡಚಿಟ್ಟಿದ್ದ ಏನೋ ಒಂದು ನೆಟ್ಟಗಾಯಿತು.

"ಆಗಲ್ಲ ಸಾರ್."

"ಏನಂದೆ?"

"ಆಗಲ್ಲ ಅಂದೆ." ಎರಡನೇ ಸಲ ಅದು ಇನ್ನೂ ಸಲೀಸಾಗಿ ಬಂತು.

ಕಾರ್ಯದರ್ಶಿಗಳು ಹೊಸ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ನಿಂತಿದ್ದವನು ಗೇಟಣ್ಣನೇ. "ಸಂಜೆ ದೀಪ ಹಾಕೋ ಹೊತ್ತಿಗೆ ಬಲೆ ಇರಬಾರದು. ಬಲೆ ಇದ್ರೆ ನೀನಿರಲ್ಲ. ಕೆಲಸಾನೂ ಇಲ್ಲ, ಕೋಣೇನೂ ಇಲ್ಲ. ತಿಳೀತಾ?"

ಸುದ್ದಿ ಮಹಡಿ ಹತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ಬಂದವರು ಕೆಳಮನೆಯ ಹಲ್ಲಿನ ಡಾಕ್ಟರು. "ದಿನಾ ಊರಿನವರ ಬಾಯೊಳಗೆ ಕೈ ಹಾಕೋನು ನಾನು. ಇದೊಂದು ಹುಳ ನನಗೆ ಲೆಕ್ಕವಾ?" ಎಂದು ಸ್ಟೂಲು ಹತ್ತಿ ಪೊರಕೆ ಬೀಸಿದರು. ಬಲೆಯ ಒಂದು ಮಗ್ಗುಲು ಹರಿಯಿತು. ಜೇಡ ಗಾಬರಿಬಿದ್ದು ಒಂದೆಳೆ ನೂಲು ಬಿಟ್ಟು ಸರ್ರನೆ ಕೆಳಗಿಳಿದು, ಸರಿಯಾಗಿ ಡಾಕ್ಟರ ಮೂಗಿನ ಎದುರಿಗೆ ಬಂದು ನಿಂತಿತು. ಒಬ್ಬರನ್ನೊಬ್ಬರು ನೋಡಿಕೊಂಡರು. ಅದಕ್ಕೆ ಎಂಟು ಕಣ್ಣು, ಡಾಕ್ಟರಿಗೆ ಎರಡೇ. ಡಾಕ್ಟರು ಹಿಂದಕ್ಕೆ ಹಾರಿದವರು ಹೋಗಿ ಕುಳಿತದ್ದು ಬಟ್ಟೆಗೆ ಕಲಸಿಟ್ಟಿದ್ದ ಗಂಜಿಯ ಟಬ್ಬಿನಲ್ಲಿ. ಜೇಡ ತನ್ನ ನೂಲನ್ನು ತಾನೇ ಹತ್ತಿಕೊಂಡು ಮೇಲೆ ಹೋಯಿತು.

"ಸ್ವಲ್ಪಾನೂ ನೋವಾಗಲ್ಲ ಅಂತ ನೀವೇ ಎಲ್ಲರಿಗೂ ಹೇಳ್ತೀರಲ್ಲ ಡಾಕ್ಟ್ರೇ," ಎಂದಳು ಗೇಟಣ್ಣನ ಹೆಂಡತಿ.

ಸ್ವಲ್ಪ ಹೊತ್ತಿನಲ್ಲೇ ಡಾಕ್ಟರ ಪ್ಯಾಂಟು ಒಣಗಿ ಹಲಗೆಯಾಯಿತು. ಆಮೇಲೆ ಇಡೀ ದಿನ ಅವರು ನಡೆದಲ್ಲೆಲ್ಲ ಚರಕ್ ಚರಕ್ ಸದ್ದು. ಕೂರಲು ಹೋದರೆ ಪ್ಯಾಂಟು ಒಪ್ಪುತ್ತಿರಲಿಲ್ಲ.

ಗೇಟಣ್ಣನಿಗೆ ಆಶ್ಚರ್ಯವಾದದ್ದು ಹೆಂಗಸರನ್ನು ನೋಡಿ. ಡಾಕ್ಟರ ಹೆಂಡತಿ ತಾನಾಗಿ ಟೀ ತಂದುಕೊಟ್ಟು, "ನಮ್ಮ ಯಜಮಾನ್ರ ಮಾತು ತಲೆಗೆ ಹಾಕ್ಕೋಬೇಡಿ. ಪಾಪ, ಮೂಕಪ್ರಾಣಿ," ಎಂದರು. ಎರಡನೇ ಮಹಡಿಯ ದೊಡ್ಡಮ್ಮ ಬಾಲ್ಕನಿಯಿಂದ ಬಗ್ಗಿ, "ಹೆದರಬೇಡ ಕಣೋ ಗೇಟಣ್ಣ! ಆ ಹುಳ ಇವರಪ್ಪನ ಗಂಟೇನಾದ್ರೂ ತಿಂದಿದೆಯಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಕೊನೆಗೆ ಕಾರ್ಯದರ್ಶಿಗಳ ಹೆಂಡತಿಯೇ ಬಂದು, ಆಚೀಚೆ ನೋಡಿ, "ಬಿಟ್ಟುಕೊಡಬೇಡಿ. ಹೆಣ್ಣಿನ ಕಷ್ಟ ಈ ಗಂಡಸರಿಗೆ ಏನು ಗೊತ್ತು?" ಎಂದು ಪಿಸುಗುಟ್ಟಿ ಹೋದರು.

ಗೇಟಣ್ಣನ ಎದೆ ಪೂರಿಯಂತೆ ಉಬ್ಬಿತು. ಒಂದು "ಆಗಲ್ಲ"ಕ್ಕೆ ಇಷ್ಟು ಮರ್ಯಾದೆಯೆಂದು ಗೊತ್ತಿದ್ದರೆ ಅವನು ಎಂದೋ ಶುರುಮಾಡುತ್ತಿದ್ದ.

ಸ್ಟೂಲು ಸಾಲದೆಂದು ಮಧ್ಯಾಹ್ನ ಕಾರ್ಯದರ್ಶಿಗಳು ಬಣ್ಣ ಬಳಿಯುವವನ ಉದ್ದನೆಯ ಏಣಿಯೊಂದನ್ನು ತರಿಸಿದರು. ಏಣಿ ಗೇಟು ದಾಟಿದ್ದೇ ತಡ, ಗೇಟಣ್ಣ ಅದರ ಮೇಲೆ ಕುಳಿತುಬಿಟ್ಟ.

"ಏಳಯ್ಯಾ!"

"ಆಗಲ್ಲ. ಏಣಿ ಬೇಕಾದ್ರೆ ನನ್ನನ್ನೂ ಹೊತ್ಕೊಂಡು ಹೋಗಿ."

ಹಾಗೇ ಆಯಿತು. ಕಾರ್ಯದರ್ಶಿಗಳು, ಡಾಕ್ಟರು, ಇನ್ನಿಬ್ಬರು ಸೇರಿ ಏಣಿಯನ್ನು ಎತ್ತಿದರು. ಪಲ್ಲಕ್ಕಿಯ ಮೇಲಿನ ಮದುಮಗನಂತೆ ಗೇಟಣ್ಣ ಹಿತ್ತಲಿನತ್ತ ಹೊರಟ. ಆದರೆ ಹಿತ್ತಲಿಗೆ ಹೋಗುವ ಓಣಿ ಕಿರಿದು. ತಿರುವಿನಲ್ಲಿ ಡಾಕ್ಟರಿಗೆ ಮೊಣಕಾಲು ಮಡಚಲಾಗದೆ ಏಣಿ ವಾಲಿತು, ಎರಡು ಗೋಡೆಗಳ ನಡುವೆ ಅಡ್ಡಡ್ಡ ಸಿಕ್ಕಿಕೊಂಡಿತು. ಎಳೆದರು, ತಳ್ಳಿದರು, ಒದ್ದರು. ಏಣಿ ಗಂಟಲಿಗೆ ಸಿಕ್ಕ ಮುಳ್ಳಿನಂತೆ ಕೂತೇ ಇತ್ತು. ಗೇಟಣ್ಣನ ಕಾಲು ಏಣಿಯ ಮೆಟ್ಟಿಲುಗಳ ಸಂದಿಯಲ್ಲಿ ಸಿಕ್ಕಿ, ಈಗ ಏಳಬೇಕೆಂದರೂ ಏಳಲಾರದೆ ಅವನು ಮೇಲೆಯೇ ಉಳಿದ. ಹಿತ್ತಲಿಗೆ ಇದ್ದ ಇನ್ನೊಂದೇ ದಾರಿ ಡಾಕ್ಟರ ಮನೆಯ ಒಳಗಿಂದ. ಡಾಕ್ಟರು ಚರಕ್ ಚರಕ್ ಎಂದು ಹೋಗಿ ಬಾಗಿಲು ತಟ್ಟಿದರೆ ಒಳಗಿನಿಂದ ಚಿಲಕ ಬಿದ್ದಿತ್ತು. ಎಷ್ಟು ಕೂಗಿದರೂ ಹೆಂಡತಿ ಓಗೊಡಲಿಲ್ಲ.

ಹೀಗೆ ಸಂಜೆಯಾಯಿತು. ಕಾರ್ಯದರ್ಶಿಗಳು ಫೋನು ತೆಗೆದರು. "ಬಲೆ ಇನ್ನೂ ಹಾಗೇ ಇದೆ. ನೀನು ನಾಳೆ ಗಂಟುಮೂಟೆ ಕಟ್ಟು."

ಗೇಟಣ್ಣನಿಗೆ ಕಾಲು ಜೋಮು ಹಿಡಿದಿತ್ತು, ಹೊಟ್ಟೆ ಹಸಿದಿತ್ತು. ಮೆಟ್ಟಿಲ ಕೆಳಗಿನ ಆ ಕೋಣೆ, ಅದರ ಒಂದೇ ಕಿಟಕಿ, ಹೆಂಡತಿಯ ಇಸ್ತ್ರಿ ಮೇಜು ಎಲ್ಲ ಕಣ್ಣ ಮುಂದೆ ಬಂದವು. ಆದರೂ ದನಿ ಎತ್ತರಿಸಿಯೇ ಹೇಳಿದ:

"ಕಟ್ತೀನಿ ಸಾರ್. ಆದ್ರೆ ಎಲ್ಲರೂ ಕೇಳಿಸ್ಕೊಳ್ಳಿ. ಬಸುರಿ ಕಟ್ಕೊಂಡ ಮನೇನ ಈ ಕೈ ಮುರಿಯಲ್ಲ. ಇಲ್ಲಷ್ಟೇ ಅಲ್ಲ, ಎಲ್ಲೇ ಕಟ್ಟಲಿ. ಯಾರ ಬಾಗಿಲಿಗೇ ಕಟ್ಟಲಿ!"

"ತಡೀರಿ ತಡೀರಿ," ಎಂದರು ಡಾಕ್ಟರು, ಫೋನಿನೊಳಗೆ ಇಣುಕುತ್ತಾ. "ಅದು ಎದ್ದಿದೆ."

ಎಲ್ಲರೂ ಮುತ್ತಿಕೊಂಡರು. ಗೇಟಣ್ಣ ಏಣಿಯ ಮೇಲಿನಿಂದಲೇ ಬಗ್ಗಿದ. ಹರಿದ ಮನೆ ಜೇಡಕ್ಕೆ ಸರಿಬಂದಿರಲಿಲ್ಲ ಎಂದು ಕಾಣುತ್ತದೆ. ಆನೆ ಗಾತ್ರದ ಆ ಪ್ರಾಣಿ ಒಂದೊಂದೇ ಎಳೆಯನ್ನು ಸುತ್ತಿ, ಉಂಡೆ ಮಾಡಿ, ಬಾಯಿಗೆ ಹಾಕಿಕೊಳ್ಳುತ್ತಿತ್ತು. ತನ್ನ ಮನೆಯನ್ನು ತಾನೇ ತಿನ್ನುತ್ತಿತ್ತು! ಗೇಟಣ್ಣನಿಗೆ ಅಳು ಬರುವಂತಾಯಿತು. ಇಡೀ ದಿನ ಇವಳಿಗಾಗಿ ಜಗಳವಾಡಿದ್ದು ಇದಕ್ಕಾ?

"ನಾನು ಹೇಳಲಿಲ್ವಾ?" ಕಾರ್ಯದರ್ಶಿಗಳು ಬೀಗಿದರು. "ಈಗ ಕಾಣುತ್ತೆ ನೋಡಿ ಕಳ್ಳರ ಬಣ್ಣ."

ಪರದೆ ಸರಿದಂತೆ ಚಿತ್ರ ತಿಳಿಯಾಯಿತು. ನಲ್ಲಿ ಕಂಡಿತು. ನಲ್ಲಿಗೆ ಸಿಕ್ಕಿಸಿದ ಪೈಪು ಕಂಡಿತು. ಪೈಪಿನ ತುದಿಯಲ್ಲಿ, ಒಂದು ಸಾಲು ಹೂಕುಂಡಗಳಿಗೆ ನೀರು ಬಿಡುತ್ತಾ, ಕಾರ್ಯದರ್ಶಿಗಳ ಹೆಂಡತಿ ಕಂಡರು.

ಆಮೇಲೆ ಡಾಕ್ಟರ ಹೆಂಡತಿ ಕಂಕುಳಲ್ಲೊಂದು, ಕೈಯಲ್ಲೊಂದು ಬಿಂದಿಗೆ ಹಿಡಿದು ಬಂದರು. ಅದಾದ ಮೇಲೆ, ಹಗ್ಗ ಕಟ್ಟಿದ ಬಕೆಟ್ಟೊಂದು ಮೇಲಿನಿಂದ ಜೇಡದಂತೆಯೇ ಮೆಲ್ಲಗೆ ಇಳಿಯಿತು. ಹಗ್ಗದ ಇನ್ನೊಂದು ತುದಿ ದೊಡ್ಡಮ್ಮನ ಬಾಲ್ಕನಿಯಲ್ಲಿ ಇರಲೇಬೇಕು. ಇವರೆಲ್ಲರ ಮಧ್ಯೆ, ಸೊಂಟದ ಮೇಲೆ ಕೈಯಿಟ್ಟು, ಸಂಚಾರಿ ಪೊಲೀಸಿನಂತೆ ಒಬ್ಬೊಬ್ಬರಿಗೂ ಸರದಿ ತೋರಿಸುತ್ತಾ, ನಡುನಡುವೆ ತನ್ನ ಗಂಜಿಯ ಟಬ್ಬನ್ನೂ ತುಂಬಿಸಿಕೊಳ್ಳುತ್ತಾ ಒಬ್ಬಳು ನಿಂತಿದ್ದಳು. ಗೇಟಣ್ಣ ಅವಳ ಸೀರೆಯನ್ನು ಗುರುತಿಸಿದ. ಅದನ್ನು ಕೊಡಿಸಿದ್ದು ಅವನೇ.

ಕಾರ್ಯದರ್ಶಿಗಳು ಫೋನು ಆರಿಸಿ ಜೇಬಿಗೆ ಹಾಕಿಕೊಂಡರು. ಬಹಳ ಹೊತ್ತು ಕನ್ನಡಕ ಒರೆಸಿದರು.

"ಗೇಟಣ್ಣ, ಆ ಜೇಡ ಮತ್ತೆ ಯಾವಾಗ ಬಲೆ ಕಟ್ಟುತ್ತೆ?"

"ಗೊತ್ತಿಲ್ಲ ಸಾರ್."

"ಬೆಳಿಗ್ಗೆ ಹೊತ್ತಿಗೆ ಕ್ಯಾಮೆರಾ ಮುಂದೆ ಬಲೆ ಇರಬೇಕು. ಇಲ್ಲದಿದ್ರೆ ನೀನಿರಲ್ಲ."

"ಪಾಪ, ಬಸುರಿ," ಎಂದರು ಡಾಕ್ಟರು, ಎತ್ತಲೋ ನೋಡುತ್ತಾ. "ಇನ್ನು ಮೇಲೆ ಯಾರೂ ತೊಂದರೆ ಕೊಡಬಾರದು."

ಎಲ್ಲರೂ ಸೇರಿ ಒಮ್ಮೆ ಜೋರಾಗಿ ಎಳೆದಾಗ ಏಣಿ ಬಿಟ್ಟುಕೊಂಡಿತು. ಗೇಟಣ್ಣ ಕುಂಟುತ್ತಾ ಹಿತ್ತಲಿಗೆ ಹೋದ. ನೆಲವೆಲ್ಲ ಒದ್ದೆ, ಒಬ್ಬರೂ ಇರಲಿಲ್ಲ. ಕ್ಯಾಮೆರಾದ ಮುಂದೆ ಒಂದೆಳೆಯೂ ಇರಲಿಲ್ಲ. ಕೋಣೆಯೊಳಗೆ ದೀಪ ಉರಿಯುತ್ತಿತ್ತು. ಅಡುಗೆಯ ಘಮ ಬರುತ್ತಿತ್ತು. ಒಳಗೆ ಹೋಗಲೆಂದು ಕಾಲೆತ್ತಿದವನು ಹಾಗೇ ನಿಂತ.

ಪೊರಕೆಯ ಸಹವಾಸ ಬೇಡವೆಂದು ಜೇಡ ಕೆಳಗಿಳಿದು ಬಂದಿತ್ತು. ಬಾಗಿಲ ಚೌಕಟ್ಟಿನ ಈ ಕಡೆಯಿಂದ ಆ ಕಡೆಗೆ, ದಾರಿಗಡ್ಡವಾಗಿ, ಹೊಚ್ಚ ಹೊಸ ಬಲೆ. ನಡುವೆ ಬಾಡಿಗೆದಾರಳು ಕೊನೆಯ ಸುತ್ತು ಹೆಣೆಯುತ್ತಿದ್ದಳು.

"ಬಂದ್ರಾ?" ಬಲೆಯ ಆಚೆಯಿಂದ ಹೆಂಡತಿ ಕೇಳಿದಳು. "ಇದೊಳ್ಳೆ ಗ್ರಹಚಾರ ನೋಡಿ. ನನ್ನ ಬಟ್ಟೆಯೆಲ್ಲ ಹೊರಗೆ ಮೇಜಿನ ಮೇಲಿದೆ. ಒಂದು ಕಡ್ಡಿ ತಗೊಂಡು ಬಿಡಿಸಿಬಿಡಿ, ಊಟ ಆರಿ ಹೋಗ್ತಿದೆ."

ಗೇಟಣ್ಣ ಊಟದ ತಟ್ಟೆಯನ್ನು ನೋಡಿದ. ಬಲೆಯನ್ನು ನೋಡಿದ. ಹೊಟ್ಟೆ ಗುರ್ರೆಂದಿತು. ಆಮೇಲೆ ಇಸ್ತ್ರಿ ಮೇಜಿನ ಪಕ್ಕದ ಒದ್ದೆ ಕಲ್ಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಂಡ.

"ಆಗಲ್ಲ," ಎಂದ. "ಬಸುರಿ ಕಣೇ."