ಷೇರಿನ ಶಿಖರ, ಬಚ್ಚಲಿನ ಕೊಳಾಯಿ

ಭೂಗೋಳದ ಮೇಷ್ಟ್ರಿಗೆ ಇದ್ದ ದುಃಖ ಒಂದೇ. ಅವರ ಮಾತು ಕೇಳುವವರು ಶಾಲೆಯಲ್ಲಿ ನಲವತ್ತು ಜನ, ಮನೆಯಲ್ಲಿ ಸೊನ್ನೆ. (ಆ ನಲವತ್ತರಲ್ಲೂ ಹದಿನೈದು ಜನ ತೂಕಡಿಸುತ್ತಿದ್ದರು, ಆ ಮಾತು ಈಗ ಬೇಡ.) ಹಾಗಾಗಿ ಲಿಫ್ಟ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ಹೆಂಡತಿ ಒಂದು ಸಂಜೆ, "ರೀ, ಈ ಸಲ ಬೋನಸ್ ಬದಲು ಕಂಪನಿ ಷೇರನ್ನೇ ಕೊಡ್ತಾರಂತೆ" ಎಂದಾಗ, ಉಪದೇಶಕ್ಕೆ ವಿಷಯ ಸಿಕ್ಕಿತೆಂದು ಮೇಷ್ಟ್ರ ಮುಖ ಮೊರದಗಲವಾಯಿತು.

"ಒಂದನ್ನೂ ಮಾರಬೇಡ!"

"ತೆರಿಗೆ ಕಟ್ಟೋದು ಬೇಡ್ವಾ? ಷೇರು ಕೈಗೆ ಬಂದ ದಿನದ ಬೆಲೆ ಅಷ್ಟೂ ಸಂಬಳ ಅಂತ ಲೆಕ್ಕ. ಆಮೇಲೆ ಬೆಲೆ ಪಾತಾಳಕ್ಕೆ ಹೋದ್ರೂ ತೆರಿಗೆ ಮಾತ್ರ ಅವತ್ತಿನದೇ."

"ಬಚ್ಚಲು ರಿಪೇರಿಗೆ ಅಂತ ಇಟ್ಟಿದೀವಲ್ಲ, ಅದ್ರಲ್ಲಿ ಕಟ್ಟು. ಷೇರು ಏರಲಿ, ಬಚ್ಚಲೇನು, ಅರಮನೆ ಕಟ್ಟಿಸ್ತೀನಿ!"

(ಬಚ್ಚಲಿನ ಕೊಳಾಯಿ ಕೆಟ್ಟು ಎರಡು ವರ್ಷವಾಗಿತ್ತು, ತಿರುಗಿಸಿದರೆ ಬುಡದಿಂದಲೇ ನೀರು ಚಿಮ್ಮುತ್ತಿತ್ತು. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ನಾನ ಮಾಡುವ ವಿದ್ಯೆ ಮೇಷ್ಟ್ರಿಗೆ ಸಿದ್ಧಿಸಿತ್ತು.)

ಭಾನುವಾರ ಮೇಷ್ಟ್ರು ದೊಡ್ಡ ಹಾಳೆ ಹರಡಿ 'ತೆರಿಗೆ ಯೋಜನಾ ಮಹಾನಕ್ಷೆ' ಬರೆದರು. ಷೇರಿನ ಬೆಲೆಗೆ ಬೆಟ್ಟ, ಕಣಿವೆ, ಕೊನೆಯಲ್ಲಿ ಹಿಮಾಚ್ಛಾದಿತ ಶಿಖರ. "ಕಣಿವೆ ದಾಟಿದವನಿಗೇ ಶಿಖರ!" ಎಂದು ಘೋಷಿಸಿದರು.

"ಹದಿನೆಂಟು ವರ್ಷದಿಂದ ಲಿಫ್ಟು ಮಾಡ್ತಿರೋಳು ಕಣ್ರೀ ನಾನು. ಮೇಲೆ ಹೋದದ್ದು ಕೆಳಗೆ ಬರೋದನ್ನ ದಿನಾ ನೋಡ್ತೀನಿ. ಸಂಬಳವೂ ಅದೇ ಕಂಪನಿದು, ಉಳಿತಾಯವೂ ಅದೇ ಕಂಪನಿದು ಅಂದ್ರೆ ಇಡೀ ಮನೆ ಒಂದೇ ಹಗ್ಗಕ್ಕೆ ಜೋತು ಬಿದ್ದ ಹಾಗೆ."

"ನಿನಗೆ ಭೂಗೋಳ ಗೊತ್ತಿಲ್ಲ."

"ಆಯ್ತು, ನೋಡೋಣ."

ಹದಿನಾರು ವರ್ಷ ಸಂಸಾರ ಮಾಡಿದ ಯಾವ ಗಂಡಸಿಗಾದರೂ ಆ 'ನೋಡೋಣ' ಏನೆಂದು ಗೊತ್ತಿರಬೇಕು. ಮೇಷ್ಟ್ರಿಗೆ ಅದು ಒಪ್ಪಿಗೆಯಂತೆ ಕೇಳಿಸಿತು.

ಷೇರು ಬಂತು. ಮೊದಲ ವಾರ ಬೆಲೆ ಏರಿತು. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಡ್ರಿಲ್ ಮೇಷ್ಟ್ರಿಗೂ ಉಪದೇಶ ಕೊಟ್ಟರು. ಎರಡನೇ ವಾರ ಜಾರಿತು. ತಿಂಗಳು ತುಂಬುವುದರೊಳಗೆ ಅರ್ಧಕ್ಕಿಳಿಯಿತು. ತರಗತಿಯಲ್ಲಿ ಪಾಠ ನಡೆಯುತ್ತಿದ್ದುದು ಸಮುದ್ರತಳದ ಕಂದಕಗಳ ಬಗ್ಗೆ, ಮೊಬೈಲಿನಲ್ಲಿ ಕಾಣುತ್ತಿದ್ದುದೂ ಅದೇ. ಅತ್ತ ದರಿ, ಇತ್ತ ಪುಲಿ! ಬಚ್ಚಲಿನ ದುಡ್ಡು ತೆರಿಗೆಗೆ ಹೋಯಿತು, ಷೇರು ನೀರಿಗೆ ಹೋಯಿತು, ಇನ್ನು ಹೆಂಡತಿಗೆ ಮುಖ ತೋರಿಸುವುದು ಹೇಗೆ? ನಷ್ಟ ತುಂಬಲು ಮೇಷ್ಟ್ರು ಮಧ್ಯಾಹ್ನದ ಟೀ ಬಿಟ್ಟರು, ಬಸ್ಸು ಬಿಟ್ಟು ನಡೆದೇ ಬರತೊಡಗಿದರು.

ಹೀಗೇ ಒಂದು ತಿಂಗಳು ಕಳೆದ ಮೇಲೆ, ಶನಿವಾರ ಬೆಳಿಗ್ಗೆ ತಪ್ಪೊಪ್ಪಿಗೆ ಎಂದು ತೀರ್ಮಾನವಾಯಿತು. ಬಚ್ಚಲಿಗೆ ಹೋಗಿ, ಅಭ್ಯಾಸದಂತೆ ಕೊಳಾಯಿ ಒತ್ತಿ ಹಿಡಿದು, ಕನ್ನಡಿಯೆದುರು ತಾಲೀಮು ಶುರು ಮಾಡಿದರು. "ಇಲ್ನೋಡೇ, ತಪ್ಪೆಲ್ಲಾ ನಂದೇ..." ಹನ್ನೊಂದನೇ ಸಲ ಹೇಳುವಾಗ ಬಾಗಿಲು ತಳ್ಳಿಕೊಂಡು ಪ್ಲಂಬರ್ ಒಳಗೆ ಬಂದ.

"ಅಯ್ಯೋ, ಈಗ ಬೇಡಪ್ಪಾ! ಆ ದುಡ್ಡೆಲ್ಲಾ ತೆರಿಗೆಗೆ ಹೋಯ್ತು!"

"ಮೇಡಂ ಹೋದ ತಿಂಗಳೇ ಅಡ್ವಾನ್ಸ್ ಕೊಟ್ಟಿದಾರಲ್ಲ ಸಾರ್."

ಅವನ ಬೆನ್ನ ಹಿಂದೆ ಹೆಂಡತಿ ನಿಂತಿದ್ದಳು. "ಷೇರು ಬಂದ ದಿನವೇ ಎಲ್ಲಾ ಮಾರಿದೆ ಕಣ್ರೀ. ತೆರಿಗೆ ಅದ್ರಲ್ಲೇ ಮುಗೀತು. ಮಿಕ್ಕಿದ್ದು ಬ್ಯಾಂಕಲ್ಲಿದೆ, ಬಚ್ಚಲಿನ ದುಡ್ಡು ಬಚ್ಚಲಿಗೇ ಇದೆ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರೇ ಬಂತು. ಆಮೇಲೆ, ಗಂಡನಾದ ತಪ್ಪಿಗೆ, ಕೋಪವನ್ನೂ ತಂದುಕೊಂಡರು.

"ಒಂದು ಮಾತು ಹೇಳಬಾರದಿತ್ತಾ? ಒಂದು ತಿಂಗಳಿಂದ ಬಿಸಿಲಲ್ಲಿ ನಡ್ಕೊಂಡು ಬರ್ತಿದೀನಿ!"

"ದಿನಾ ನಡೀರಿ ಅಂತ ಡಾಕ್ಟರು ಮೂರು ವರ್ಷದಿಂದ ಬಡ್ಕೊಂಡ್ರು, ಕೇಳಿದ್ರಾ? ಹೊಟ್ಟೆ ಕರಗ್ತಾ ಇತ್ತು, ಅದಕ್ಕೇ ಸುಮ್ಮನಿದ್ದೆ."

ಪ್ಲಂಬರ್ ಮೆಲ್ಲಗೆ ಕೆಮ್ಮಿದ.

"ಸಾರ್, ಕೊಳಾಯಿ ಬಿಡಿ, ಕೆಲಸ ಶುರು ಮಾಡ್ತೀನಿ."

"ಬಿಟ್ರೆ ಮನೆಯೆಲ್ಲಾ ನೀರಾಗುತ್ತಪ್ಪಾ!"

"ಟ್ಯಾಂಕಿನ ಹತ್ರ ನೀರು ನಿಲ್ಲಿಸಿ ಅರ್ಧ ಗಂಟೆ ಆಯ್ತು ಸಾರ್."